ಒಂದೇ ಬಟ್ಟಲು

ಸಿಗ್ರುನ್‌ಳ ಗಂಡನ ಮಣ್ಣು ಮುಗಿಸಿ ಬಂದವರೆಲ್ಲ ಊಟದ ಮೇಜಿನ ಸುತ್ತ “ಸ್ಕೋಲ್” ಎಂದು ಲೋಟ ಎತ್ತಿ ಹಿಡಿದಿದ್ದರು. “ಸ್ಕೋಲ್ ಅಂದ್ರೆ ಬಟ್ಟಲು ಕಣ್ರಪ್ಪಾ,” ಎಂದರು ಗುಡ್‌ಮುಂಡ್ ಅಜ್ಜ. “ಹಿಂದೆ ಒಂದೇ ಮರದ ಬಟ್ಟಲಲ್ಲಿ ಎಲ್ರೂ ಕುಡೀತಿದ್ರು. ಈಗ ಲೋಟ ಬೇರೆಯಾದ್ವು, ಕಣ್ಣಾದ್ರೂ ಕೂಡ್ಲಿ. ನೋಡಿ ಕುಡೀರಿ, ಕುಡಿದ್ಮೇಲೂ ನೋಡಿ.”

“ಅಜ್ಜನ ಪಾಠ ಮುಗಿಯೋದ್ರೊಳಗೆ ಬಿಯರ್ ಬಿಸಿಯಾಗುತ್ತೆ,” ಎಂದರು ಯಾರೋ.

ಸಿಗ್ರುನ್ ಮೈದುನ ಐಲಿಫ್‌ನತ್ತ ಲೋಟ ಚಾಚಿದಳು. ಮುಳುಗಿದ ದಿನ ಅಣ್ಣ ಒಬ್ಬನೇ ದೋಣಿಯಲ್ಲಿ ಹೋದ, ತಾನು ದಡದಲ್ಲೇ ಇದ್ದೆ ಎಂದು ಪೊಲೀಸರಿಗೂ ಪಾದ್ರಿಗೂ ಹೇಳಿದ್ದವನು ಅವನು.

“ಸ್ಕೋಲ್, ಅತ್ತಿಗೆ,” ಎಂದ. ಕಣ್ಣು ಲೋಟದ ನೊರೆಯ ಮೇಲಿತ್ತು.

ಅವಳು ಕಾದಳು. ಅವನು ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟದ ತಳವನ್ನೇ ನೋಡುತ್ತ ಕೂತ.

ಸಿಗ್ರುನ್ ತನ್ನ ತುಂಬಿದ ಲೋಟವನ್ನು ಅವನ ಮುಂದೆ ಇಟ್ಟಳು.

“ಇದನ್ನೂ ನೀನೇ ಕುಡಿ. ದೋಣೀಲಿ ನೀವಿಬ್ರೂ ಇದ್ರಲ್ಲ.”