ದಿಬ್ಬದೊಳಗಿನ ಕೂಗು

ರಾಯಚೂರಿನ ಕೆರೆ ಹೆಪ್ಪುಗಟ್ಟಿ ನಲವತ್ತು ವರ್ಷವಾಗಿತ್ತು. ಅದರ ಮೇಲೆ ಐಸ್ ಹಾಕಿ ಆಡುವವರ ಕೂಗೂ ಮಂಜುಗಡ್ಡೆಯಲ್ಲೇ ಹೆಪ್ಪುಗಟ್ಟುತ್ತಿತ್ತು. ಅಂಗಳ ನೋಡಿಕೊಳ್ಳುವ ದುರುಗವ್ವ ಮಂಜು ಹೆರೆಯುವ ಗಾಡಿಯ ಅಲಗಿನಿಂದ ಮೇಲ್ಪದರ ಹೆರೆದಾಗ ಹಳೆಯ ಕೂಗುಗಳು, ಹೆಚ್ಚಿನವು ಬೈಗುಳಗಳೇ, ಒಂದೇ ಸಲ ಕೇಳಿಸಿ ಮುಗಿದುಹೋಗುತ್ತಿದ್ದವು. ಆಮೇಲೆ ಅವಳು ಬಿಸಿನೀರು ಸುರಿದು ನುಣ್ಣನೆಯ ಹೊಸ ಪದರ ಕಟ್ಟುತ್ತಿದ್ದಳು.

ಗೋಲಿನ ಮುಂದಿನ ಒಂದು ದಿಬ್ಬವನ್ನು ಮಾತ್ರ ಅವಳು ಎಂದೂ ಹೆರೆದಿರಲಿಲ್ಲ. ಈಗಿಲ್ಲದ ಗಂಡ ತಿಪ್ಪಣ್ಣ, ಮದುವೆಯಾದ ವರ್ಷ ಅಲ್ಲಿ ಗೋಲು ಕಾಯುತ್ತಾ ಅವಳನ್ನು ಏನೋ ಕೂಗಿ ಕೇಳಿದ್ದ. ಜನರ ಗದ್ದಲದಲ್ಲಿ ಅವಳಿಗೆ ಕೇಳಿಸಿರಲಿಲ್ಲ.

"ಆಟದ ಬಿಲ್ಲೆ ಅಲ್ಲಿಗೆ ಬಂದು ಕಪ್ಪಿಯಂಗ ಜಿಗೀತೈತಿ ದುರುಗಕ್ಕ. ನಾಳೆ ಫೈನಲ್ ಐತಿ," ಎಂದ ಅಂಪೈರ್ ಹುಸೇನಪ್ಪ.

"ಹೆರೆದ್ರ ಮಾತು ಮುಗೀತಲ್ಲೋ."

"ಕೇಳಲಾರದ ಮಾತು ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತಿ?"

ದುರುಗವ್ವ ಅಲಗು ಇಳಿಸಿದಳು. ದಿಬ್ಬ ಬಿರಿಯಿತು.

"ಏ ದುರುಗಿ, ಬುತ್ಯಾಗ ಶೇಂಗಾ ಚಟ್ನಿ ಐತೇನ?"

ಇಪ್ಪತ್ತೈದರ ಹರೆಯದ ದನಿ ಗಾಳಿಗೆ ಹೋಯಿತು. ಅವಳು ನಕ್ಕಳು, ಕಣ್ಣೊರೆಸಿಕೊಂಡಳು. ಆ ಜಾಗಕ್ಕೆ ಬಿಸಿನೀರು ಬಿಟ್ಟು, ಅದು ಕಟ್ಟುವ ಮೊದಲೇ ಬಾಯಿ ಹತ್ತಿರ ತಂದು ಮೆಲ್ಲಗೆ ಹೇಳಿದಳು:

"ಐತಿ. ಮೊದಲು ಗೋಲು ತಡಿ."