ಅಣ್ಣನ ಮುದ್ದೆ

ಸೂಜಿ ಚುಚ್ಚಿದಾಗಲೂ ಕಾಂತರಾಜ್ ನಗುತ್ತಲೇ ಇದ್ದ. ಅವನ ಉಗುರುಗಳ ಸಂದಿಯಲ್ಲಿ ನಿನ್ನೆ ಗೋಡೆಗೆ ಬಳಿದ ಹಸಿರು ಪೇಂಟ್ ಹಾಗೇ ಇತ್ತು. ಬೆಂಗಳೂರಿನಿಂದ ಬಂದಿದ್ದ ಸಂಶೋಧಕಿ ಸುಮಲತ ರಕ್ತದ ಕೊಳವೆಗೆ ಚೀಟಿ ಅಂಟಿಸುತ್ತಾ ಮತ್ತೊಮ್ಮೆ ಕೇಳಿದಳು.

"ಮಾತ್ರೆ ಬಿಟ್ಟು ಎರಡು ವರ್ಷ ಆಯ್ತು ಅಂದ್ರಲ್ಲ, ಮಧ್ಯೆ ಒಂದೂ ತಗೊಂಡಿಲ್ವಾ?"

"ಎಲ್ಲಾ ತಕ್ಕೊಂಡೋಗಿ ಆ ಗಣಿ ಶಾಫ್ಟ್ ಒಳಕ್ಕೆ ಎಸೆದ್ಬುಟ್ಟೆ ಮೇಡಂ. ಅಲ್ಲಿಂದ್ಲೇ ತಾನೆ ನನ್ನ ಕರೀತಿದ್ದಿದ್ದು? ಅವ್ರೇ ನುಂಗ್ಲಿ ಅಂತ."

ಸುಮಲತಳೂ ನಕ್ಕಳು. ಚಾಂಪಿಯನ್ ರೀಫ್ಸ್‌ನ ಮುಚ್ಚಿದ ಚಿನ್ನದ ಗಣಿಯೊಳಗಿಂದ ಯಾರೋ ಹೆಸರು ಹಿಡಿದು ಕೂಗುತ್ತಾರೆಂದು ಬೀದಿಯಲ್ಲಿ ಓಡುತ್ತಿದ್ದವನು ಇವನೇ ಎಂದರೆ ಈಗ ಯಾರೂ ನಂಬುವುದಿಲ್ಲ.

"ಮೆದುಳಿನ ರಾಸಾಯನಿಕ ಏರುಪೇರಾದ್ರೆ ಹಾಗೆ ದನಿ ಕೇಳ್ಸುತ್ತೆ. ಮಾತ್ರೆ ಬಿಟ್ರೂ ನಿಮ್ದು ಸರಿಯಾಗೇ ಇದೆ. ಅದು ಹೇಗೆ ಅನ್ನೋದೇ ನನ್ನ ಕೆಲಸ. ಈ ರಕ್ತದಲ್ಲಿ ಏನೇನಿದೆ ಅಂತ ಲ್ಯಾಬ್‌ನಲ್ಲಿ ಎಲ್ಲಾ ಗೊತ್ತಾಗುತ್ತೆ. ರಿಪೋರ್ಟ್ ನಾನೇ ತಂದು ನಿಮ್ಮ ಕೈಗೆ ಕೊಡ್ತೀನಿ."

ಒಳಗೆ ಮುದ್ದೆ ತಿರುವುತ್ತಿದ್ದ ಅಮ್ಮ ಪಾಪಕ್ಕನ ಕೋಲು ಗಕ್ಕನೆ ನಿಂತಿತು. ಬಾಗಿಲಿಗೆ ಒರಗಿದ್ದ ತಂಗಿ ಪುಷ್ಪ ಅದನ್ನು ಗಮನಿಸಿದಳು.

ಅಣ್ಣ ಮಾತ್ರೆ ಎಸೆದ ವಾರವೇ ಅಮ್ಮ ರಾಬರ್ಟ್‌ಸನ್‌ಪೇಟೆಗೆ ಹೋಗಿ ಅದೇ ಮಾತ್ರೆ ಮತ್ತೆ ತಂದಿದ್ದಳು. ಅಂದಿನಿಂದ ಅದನ್ನು ಪುಡಿ ಮಾಡಿ ಅವನೊಬ್ಬನ ಮುದ್ದೆಯಲ್ಲಿ ಸೇರಿಸುತ್ತಾಳೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಹಾಗಾಗಿ ರುಚಿ ಸಿಗುವುದಿಲ್ಲವೆಂದು ಅವಳ ನಂಬಿಕೆ. ರಿಪೋರ್ಟ್‌ನಿಂದ ಇದು ಗೊತ್ತಾದರೆ ಅಣ್ಣ ಅಮ್ಮನ ಕೈಯ ಊಟವನ್ನೇ ಬಿಡುತ್ತಾನೆ. ಆಮೇಲೆ ಮತ್ತೆ ಆ ದನಿ, ಮತ್ತೆ ಆ ಓಟ.

ಸುಮಲತ ಐಸ್ ಡಬ್ಬಿ ಹಿಡಿದು ಹೊರಟಳು. ಹೊರಗಿನವರು ಬಂದರೆ ಪುಷ್ಪ ಬಾಗಿಲ ಹಿಂದಿನಿಂದ ಈಚೆಗೆ ಬರುವವಳಲ್ಲ. ಇವತ್ತು ಗಣಿ ಕೆಲಸಗಾರರ ಲೈನ್ ಮನೆಗಳ ಕೊನೆಯವರೆಗೂ ಓಡಿ ಅವಳ ಆಟೋದ ಕಂಬಿ ಹಿಡಿದುಕೊಂಡಳು.

"ಮೇಡಂ, ಆ ರಕ್ತ ಬ್ಯಾಡ. ಅಮ್ಮ ಮಾತ್ರೇನ ಮುದ್ದೇಲಿ ಆಕ್ತಾಳೆ. ಅಣ್ಣಂಗೆ ಗೊತ್ತಿಲ್ಲ."

ಸುಮಲತ ತೊಡೆಯ ಮೇಲಿನ ಡಬ್ಬಿಯನ್ನೇ ನೋಡುತ್ತಾ ಕೂತಳು.

"ಬಂಗಾರಪೇಟೆ ಹೆಲ್ತ್ ಕ್ಯಾಂಪಲ್ಲಿ ನಿಮ್ಮಣ್ಣ ಸಿಕ್ಕಾಗಿಂದ ಎಷ್ಟು ಖುಷಿಯಲ್ಲಿದ್ದೆ ಗೊತ್ತಾ?" ಎಂದಳು ಕೊನೆಗೆ. "ಇರಲಿ. ಇದನ್ನ ನನ್ನ ಕೆಲಸಕ್ಕೆ ಸೇರಿಸಲ್ಲ. ಆದ್ರೆ ಪುಷ್ಪ, ಅವರ ಮೈಯೊಳಗೆ ಏನು ಹೋಗ್ತಿದೆ ಅಂತ ಅವರಿಗೆ ಗೊತ್ತಿರಬೇಕು. ಮುಂದಿನ ವಾರ ಬರ್ತೀನಿ. ಅಷ್ಟರಲ್ಲಿ ನೀವೇ ಹೇಳಿಬಿಡಿ. ಇಲ್ಲಾಂದ್ರೆ ನಾನು ಹೇಳಬೇಕಾಗುತ್ತೆ."

ಪುಷ್ಪ ಮನೆಗೆ ಬಂದಾಗ ಅಣ್ಣ ತಟ್ಟೆಯ ಮುಂದೆ ಕೂತಿದ್ದ. ಅಮ್ಮ ನೀರಿಗೆಂದು ನಲ್ಲಿಯ ಹತ್ತಿರ ಹೋಗಿದ್ದಳು. ಹೇಳುವುದಿದ್ದರೆ ಈಗಲೇ. ಅವಳು ಎದುರಿಗೆ ಕೂತು ಬಾಯಿ ತೆರೆದಳು.

"ಏನೇ, ಮೇಡಂಗೆ ಏಳ್ಬುಟ್ಯಾ?" ಎಂದ ಕಾಂತರಾಜ್.

"ಏನಂತ?"

"ಮುದ್ದೆ ವಿಷ್ಯ." ಅವನು ತಲೆ ಎತ್ತಲಿಲ್ಲ. "ನಾನೇ ಏಳಾನ ಅಂದ್ಕೊಂಡೆ. ಒಳಗೆ ಅಮ್ಮ ಕೇಳಿಸ್ಕೊಂತಿದ್ಳು."

"ಗೊತ್ತಿದ್ದೂ ತಿಂತೀಯಾ?"

"ಮೊದ್ಲು ಮಾತ್ರೆ ಕೈಗೆ ಕೊಟ್ಟು, ನುಂಗುದ್ನಾ ಉಗುದ್ನಾ ಅಂತ ಬಾಯಿ ತೆಗೆಸಿ ನೋಡೋಳು. ನಾಲಿಗೆ ಎತ್ಲಾ ಅನ್ನೋಳು. ಈಗ ಇನ್ನೊಸಿ ಇಕ್ಲಾ ಮಗಾ ಅಂತ ಕೇಳ್ತಾಳೆ."

ಹೊಸ್ತಿಲಲ್ಲಿ ಬಿಂದಿಗೆ ಇಳಿಸಿದ ಸದ್ದಾಯಿತು. ಕಾಂತರಾಜ್ ದೊಡ್ಡ ತುತ್ತೊಂದನ್ನು ಮುರಿದು, ಸಾರಿನಲ್ಲಿ ಅದ್ದಿ ನುಂಗಿದ. ಕಣ್ಣಲ್ಲಿ ನೀರಾಡಿತು. ತಂಗಿಯ ಕಡೆ ಬಾಗಿ ಪಿಸುಗುಟ್ಟಿದ:

"ಕಹಿ ಐತೆ ಅಂತ ಮಾತ್ರ ಅವಳಿಗೆ ಏಳ್ಬ್ಯಾಡ ಕಣೇ. ಈಗ್ಲೇ ಸಾರಿಗೆ ಇಷ್ಟು ಖಾರ ಆಕ್ತಾಳೆ."