ಎಡಗಡೆಯ ಹರ್ನಿಯಾ

ಆಪರೇಷನ್ ಥಿಯೇಟರಿನ ಹೊರಗೆ ಅತ್ತೆ ಸೊಸೆ ಒಂದೇ ಬೆಂಚಿನ ಮೇಲೆ ಕೂತಿದ್ದರು. ನಡುವೆ ಗಂಜಿಯ ಫ್ಲಾಸ್ಕು.

ಪ್ರನಾಳ ಶಿಶುವಿನ ಮಾತು ಆಮೇಲೆ, ಮೊದಲು ಗಂಡನ ವೃಷಣದಲ್ಲಿ ಊದಿಕೊಂಡಿರುವ ರಕ್ತನಾಳ ಸರಿಮಾಡೋಣ ಎಂದು ಸೊಸೆಗೆ ಹೇಳಿದ್ದರು ಡಾಕ್ಟರು. ಗಂಡ ಅವಳ ಕೈಹಿಡಿದು ಬೇಡಿಕೊಂಡಿದ್ದ: "ಅಮ್ಮಂಗೆ ಹರ್ನಿಯಾ ಅಂತ ಹೇಳು. ನನ್ನ ಮಾನ ಉಳಿಸು." ಅವಳು ಒಪ್ಪಿದ್ದಳು. ಆರು ವರ್ಷದಿಂದ ಬಂಜೆ ಅನ್ನಿಸಿಕೊಂಡವಳಿಗೆ ಇನ್ನೊಂದು ಸುಳ್ಳು ಯಾವ ಭಾರ? ಹೋದ ತಿಂಗಳು ನಾದಿನಿಯ ಸೀಮಂತದಲ್ಲಿ ಬಳೆ ತೊಡಿಸಲು ಹೋದವಳ ಕೈಯಿಂದ ತಟ್ಟೆ ಕಿತ್ತುಕೊಂಡದ್ದು ಇದೇ ಅತ್ತೆ.

"ಹರ್ನಿಯಾ ಯಾವ ಕಡೆ?" ಅತ್ತೆ ಕೇಳಿದರು.

"ಎಡಗಡೆ."

"ಹೇಗೆ ಬಂತಂತೆ?"

"ಗ್ಯಾಸ್ ಸಿಲಿಂಡರ್ ಎತ್ತಿದ್ರಲ್ಲ, ಅದಕ್ಕೇ."

"ನಮ್ಮನೇಲಿ ಸಿಲಿಂಡರ್ ಎತ್ತೋದು ನೀನಲ್ವೇನೇ?"

ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಇಣುಕಿದಳು. "ಚೆನ್ನಾಗಾಯ್ತಮ್ಮ. ಮೂರು ತಿಂಗಳು ಬಿಟ್ಟು ವೀರ್ಯ ಪರೀಕ್ಷೆ ಮಾಡಿಸ್ಬೇಕಂತೆ. ಮಗುವಿನ ವಿಷಯ ಆಮೇಲೆ ನೋಡೋಣ ಅಂದ್ರು ಡಾಕ್ಟ್ರು."

ಬಾಗಿಲು ಮುಚ್ಚಿತು. ಸೊಸೆ ತಲೆ ಎತ್ತಲಿಲ್ಲ.

"ಅತ್ತೆ, ಅದು..."

ಅತ್ತೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಅದರಲ್ಲೇ ಗಂಜಿ ಬಗ್ಗಿಸಿ ಅವಳ ಮುಂದೆ ಹಿಡಿದರು.

"ಯಾರು ಕೇಳಿದ್ರೂ ಹರ್ನಿಯಾ ಅಂತಲೇ ಹೇಳು. ಇವನು ಹುಟ್ಟೋ ಮುಂಚೆ ಇವರಪ್ಪನಿಗೆ ಇದೇ ಆಪರೇಷನ್ ಆದಾಗ ನಾನೂ ನಮ್ಮತ್ತೆಗೆ ಹಾಗೇ ಹೇಳಿದ್ದೆ."